ಅಶರೀರವಾಣಿ ಮತ್ತು ವಿಳಾಸವುಳ್ಳ ದನಿ: ತಾಳವಾಡಿ ಸೀಮೆಯಿಂದ ಒಂದು ಬಾನುಲಿ ಚರಿತ್ರೆಯ ಓದು

ಅಟ್ಲಾಂಟಾ ನಗರದ ಆಬರ್ನ್ ಅವೆನ್ಯೂವಿನ ಒಂದು ಕಟ್ಟಡದ ಕುರಿತು ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟದ ಚರಿತ್ರೆಯಲ್ಲಿ ಪದೇ ಪದೇ ಹೇಳಲಾಗುವ ಕಥೆಯೊಂದಿದೆ. ಮೇಲಿನ ಅಂತಸ್ತಿನಲ್ಲಿ ಡಬ್ಲ್ಯೂಇಆರ್‌ಡಿ ಬಾನುಲಿ ನಿಲಯ. ಕೆಳಗೆ ಮಾರ್ಟಿನ್ ಲೂಥರ್ ಕಿಂಗ್ ನೇತೃತ್ವದ ಸಂಘಟನೆಯ ಕಚೇರಿ. ಜನರಿಗೆ ತುರ್ತಾಗಿ ಏನನ್ನಾದರೂ ತಿಳಿಸಬೇಕಾದಾಗ ಕಿಂಗ್ ಪೊರಕೆಯ ಹಿಡಿಯಿಂದ ಚಾವಣಿಗೆ ತಟ್ಟುತ್ತಿದ್ದರಂತೆ. ಮೇಲಿನವರು ಕಿಟಕಿಯಿಂದ ಮೈಕನ್ನು ಕೆಳಗಿಳಿಸುತ್ತಿದ್ದರಂತೆ. ಜೆಸ್ಸಿ ಬ್ಲೇಟನ್ 1949ರಲ್ಲಿ ಕೊಂಡ ಈ ನಿಲಯವು ಅಮೆರಿಕದಲ್ಲಿ ಕಪ್ಪು ಜನರ ಒಡೆತನಕ್ಕೆ ಬಂದ ಮೊದಲ ಬಾನುಲಿ ನಿಲಯವೆಂಬುದು ದಾಖಲಾದ ಸಂಗತಿ. ಪೊರಕೆಯ ಕಥೆಯಲ್ಲಿ ಐತಿಹ್ಯದ ಅಂಶ ಎಷ್ಟೇ ಇರಲಿ, ಅದು ಉಳಿದುಕೊಂಡಿರುವುದಕ್ಕೆ ಕಾರಣ ಸ್ಪಷ್ಟವಾಗಿದೆ. ಮೈಕಿಗೂ ಬೀದಿಗೂ ನಡುವಣ ಅಂತರ ಒಂದು ಅಂತಸ್ತಿನಷ್ಟೇ ಇತ್ತೆಂಬುದನ್ನು ಆ ಕಥೆ ಹೇಳುತ್ತದೆ.

ಬ್ರಯಾನ್ ವಾರ್ಡ್ ಅವರು ಅಮೆರಿಕದ ದಕ್ಷಿಣ ಸೀಮೆಯ ರೇಡಿಯೋ ಹಾಗೂ ನಾಗರಿಕ ಹಕ್ಕುಗಳ ಹೋರಾಟವನ್ನು ಕುರಿತು 2004ರಲ್ಲಿ ಪ್ರಕಟಿಸಿದ ಗ್ರಂಥವು ಇಂಥ ಕಥೆಗಳ ಮೋಹಕ್ಕೆ ಒಳಗಾಗದಿರುವುದು ಅದರ ಹೆಚ್ಚುಗಾರಿಕೆ. ರೇಡಿಯೋವನ್ನು ಅವರು ವೀರನಾಯಕನನ್ನಾಗಿಸುವುದಿಲ್ಲ. ನಿಲಯಗಳ ಮಾಲೀಕರಲ್ಲಿ ಬಹುಪಾಲು ಬಿಳಿಯರು. ಜಾಹೀರಾತುದಾರರಿಗೆ ಅಂಜಿ ನಡೆಯುವವರು. ಮೆಂಫಿಸ್‌ನ ಡಬ್ಲ್ಯೂಡಿಐಎ ಇದಕ್ಕೆ ಪ್ರಸಿದ್ಧ ನಿದರ್ಶನ. ಬರ್ಟ್ ಫರ್ಗ್ಯೂಸನ್ ಮತ್ತು ಜಾನ್ ಪೆಪ್ಪರ್ ಎಂಬ ಇಬ್ಬರು ಬಿಳಿಯರಿಗೆ ಸೇರಿದ್ದ ಆ ನಿಲಯ ನಷ್ಟದಲ್ಲಿದ್ದಾಗ, 1948ರಲ್ಲಿ ಶಾಲಾ ಉಪಾಧ್ಯಾಯರೂ ಅಂಕಣಕಾರರೂ ಆಗಿದ್ದ ನ್ಯಾಟ್ ಡಿ. ವಿಲಿಯಮ್ಸ್ ಅವರನ್ನು ಮೈಕಿನ ಮುಂದೆ ಕೂರಿಸಿತು. ಕಪ್ಪು ಕೇಳುಗರು ಮುಗಿಬಿದ್ದರು. 1954ರಲ್ಲಿ ಅದರ ಶಕ್ತಿ 50,000 ವ್ಯಾಟ್‌ಗೆ ಏರಿದಾಗ ಮಿಸಿಸಿಪ್ಪಿ ಬಯಲಿನ ಹತ್ತಿಹೊಲಗಳವರೆಗೂ ಆ ದನಿ ಹರಡಿತು. ಹೋರಾಟಕ್ಕಾಗಿ ಆರಂಭವಾದ ಪ್ರಸಾರ ಅದಲ್ಲ, ವ್ಯಾಪಾರಕ್ಕಾಗಿ ಆರಂಭವಾದದ್ದು. ಆದರೂ ನಾಪತ್ತೆಯಾದ ಮಕ್ಕಳು, ಕಳೆದುಹೋದ ಪರ್ಸು, ಸಾವಿನ ಸುದ್ದಿ, ಚರ್ಚಿನ ಸಭೆ ಇಂಥ ಸಣ್ಣ ಸಣ್ಣ ಪ್ರಕಟಣೆಗಳ ಮೂಲಕ ಪತ್ರಿಕೆಗಳಲ್ಲಿ ಕಾಣಿಸದ ಒಂದು ಸಮುದಾಯ ತನ್ನನ್ನು ತಾನೇ ಕೇಳಿಸಿಕೊಳ್ಳಲಾರಂಭಿಸಿತು. ಒಡೆತನ ಯಾರದೆಂಬ ಪ್ರಶ್ನೆಯಷ್ಟೇ, ಮಾತನಾಡುವವನು ಸಂಜೆ ಯಾವ ಕೇರಿಗೆ ಮರಳುತ್ತಾನೆಂಬ ಪ್ರಶ್ನೆಯೂ ಮುಖ್ಯವೆಂಬುದು ಇಲ್ಲಿ ಹೊರಡುವ ಅರ್ಥ.

ಬರ್ಮಿಂಗ್‌ಹ್ಯಾಮಿನಲ್ಲಿ 1963ರ ಮೇ 2ರಂದು ನಡೆದದ್ದು ಈ ಸಾಮೀಪ್ಯದ ಅತ್ಯಂತ ತೀಕ್ಷ್ಣ ರೂಪ. ಸಾವಿರಾರು ಮಕ್ಕಳು ಶಾಲೆ ಬಿಟ್ಟು ಬೀದಿಗಿಳಿಯಲಿದ್ದ ದಿನ ಅದು. ಶೆಲ್ಲಿ ಸ್ಟೀವರ್ಟ್, ‘ಟಾಲ್ ಪಾಲ್’ ವೈಟ್ ಮೊದಲಾದ ಉದ್ಘೋಷಕರು ಪಾರ್ಕಿನಲ್ಲಿ ಸಂತೋಷಕೂಟವಿದೆ, ಬರುವವರು ಹಲ್ಲುಜ್ಜುವ ಬ್ರಷ್ ತರಲಿ ಎಂಬ ಧಾಟಿಯಲ್ಲಿ, ಹಾಡುಗಳ ನಡುವೆ, ಹಾಸ್ಯದ ಮಾತೆಂಬಂತೆ ಸೂಚನೆ ಕೊಟ್ಟರು. ಬ್ರಷ್ಷಿನ ಅರ್ಥ ರಾತ್ರಿ ಜೈಲಿನಲ್ಲಿ ಕಳೆಯಬೇಕಾದೀತು ಎಂದು. ಪೊಲೀಸರಿಗೂ ಅದೇ ರೇಡಿಯೋ ಕೇಳಿಸುತ್ತಿತ್ತು, ಅದೇ ಇಂಗ್ಲಿಷ್ ತಿಳಿಯುತ್ತಿತ್ತು. ಮಾತು ಮಾತ್ರ ಅರ್ಥವಾಗಲಿಲ್ಲ. 1967ರ ಆಗಸ್ಟ್‌ನಲ್ಲಿ ಅಟ್ಲಾಂಟಾದಲ್ಲಿ ಸೇರಿದ್ದ ಕಪ್ಪು ಉದ್ಘೋಷಕರ ಸಮ್ಮೇಳನದಲ್ಲಿ ಕಿಂಗ್ ಅವರು ಟಾಲ್ ಪಾಲ್ ಅವರ ಈ ಪಾತ್ರವನ್ನು ಹೆಸರಿಸಿ ಸ್ಮರಿಸಿದರು.

ಈ ಚರಿತ್ರೆಯನ್ನು ತಾಳವಾಡಿಯಲ್ಲಿ ನಿಂತು ಓದಿದರೆ ಬೇರೊಂದು ಪ್ರಶ್ನೆ ಎದುರಾಗುತ್ತದೆ. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡವಾಡುವ ತಾಳವಾಡಿ ಸೀಮೆ ಮದರಾಸು ರಾಜ್ಯದಲ್ಲೇ ಉಳಿಯಿತು. ಇಂದು ಈರೋಡು ಜಿಲ್ಲೆಯ ಭಾಗವಾಗಿರುವ ಈ ಪ್ರಸ್ಥಭೂಮಿಗೆ ತನ್ನ ಜಿಲ್ಲಾ ಕೇಂದ್ರ ತಲುಪಲು ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯಬೇಕು. ಚಾಮರಾಜನಗರಕ್ಕಾದರೋ ಬಯಲ ದಾರಿ. ಗಡಿ ಜನರನ್ನು ತಡೆಯಿತು, ಕಡತಗಳನ್ನು ಬೇರ್ಪಡಿಸಿತು, ಶಾಲೆಯ ಪಠ್ಯಗಳನ್ನು ವಿವಾದಕ್ಕೀಡುಮಾಡಿತು. ತರಂಗಗಳನ್ನು ಮಾತ್ರ ತಡೆಯಲಿಲ್ಲ. 612 ಕಿಲೋಹರ್ಟ್ಸ್‌ನಲ್ಲಿ ಹೊರಡುವ ಬೆಂಗಳೂರು ಆಕಾಶವಾಣಿಯ 200 ಕಿಲೋವ್ಯಾಟ್‌ನ ಮಧ್ಯಮ ತರಂಗಕ್ಕೆ ದಿಂಬಂ, ಗಾಜನೂರು, ಹಾಸನೂರುಗಳಲ್ಲಿ ಯಾವ ಪರವಾನಗಿಯೂ ಬೇಕಿರಲಿಲ್ಲ. ಗಡಿನಾಡ ಕನ್ನಡದ ಬಗೆಗಿನ ಬರಹಗಳು ಇದನ್ನು ಭಾಷೆಯ ಗೆಲುವೆಂದು ಕೊಂಡಾಡುವುದುಂಟು. ಕೊಂಡಾಟ ಅಸಹಜವಲ್ಲ. ಆದರೆ ಅದರಲ್ಲಿ ಒಂದು ಸಂಗತಿ ಮರೆಯಾಗುತ್ತದೆ: ಈ ಸೀಮೆ ಕನ್ನಡವನ್ನು ಕೇಳಿತು, ಕನ್ನಡದಲ್ಲಿ ತಾನು ಮಾತನಾಡಲಿಲ್ಲ. ಬೆಂಗಳೂರಿನ ಪ್ರಸಾರಕ್ಕೆ ತಾಳವಾಡಿ ತನ್ನ ಆಡಳಿತ ಸೀಮೆಯ ಹೊರಗಿನದು. ಕೊಯಮತ್ತೂರಿನ ಪ್ರಸಾರಕ್ಕೆ ತನ್ನ ಭಾಷೆಯ ಹೊರಗಿನದು.

‘ಆಕಾಶವಾಣಿ’ ಎಂಬ ಪದವನ್ನೇ ಸ್ವಲ್ಪ ತಡೆದು ನೋಡಬಹುದು. ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ನಿಲಯಕ್ಕಿದ್ದ ಈ ಹೆಸರು ಮುಂದೆ ಇಡೀ ದೇಶದ ಪ್ರಸಾರ ಸಂಸ್ಥೆಯ ಹೆಸರಾಯಿತು. ಕನ್ನಡಿಗರಿಗೆ ಅದು ಹೆಮ್ಮೆಯ ವಿಷಯ. ಪುರಾಣಗಳಲ್ಲಾದರೋ ಆಕಾಶವಾಣಿಯೆಂದರೆ ಅಶರೀರವಾಣಿ. ದೇವಕಿಯ ರಥ ಹೊಡೆಯುತ್ತಿದ್ದ ಕಂಸನಿಗೆ ಕೇಳಿಸಿದ ಆ ದನಿಗೆ ಊರಿಲ್ಲ, ಮುಖವಿಲ್ಲ. ಅದಕ್ಕೆ ಮರುಪ್ರಶ್ನೆ ಹಾಕುವಂತಿಲ್ಲ. ಆಬರ್ನ್ ಅವೆನ್ಯೂವಿನ ಕಿಟಕಿಯಿಂದ ಇಳಿಯುತ್ತಿದ್ದ ಮೈಕು ಇದಕ್ಕೆ ನೇರ ವಿರುದ್ಧವಾದದ್ದು. ಅದರ ದನಿಗೆ ವಿಳಾಸವಿತ್ತು. ಫ್ರಾಂಟ್ಜ್ ಫ್ಯಾನನ್ ಅವರು ಅಲ್ಜೀರಿಯಾದ ರೇಡಿಯೋವನ್ನು ಕುರಿತು ಬರೆದ ಪ್ರಬಂಧವನ್ನು ನೆನೆದು, ಕೇಳುವುದೂ ಒಂದು ಕ್ರಿಯೆಯೇ ಅಲ್ಲವೆ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ. ಆದರೆ ಫ್ಯಾನನ್ನರ ಕೇಳುಗರು ಗೊರಗೊರ ಸದ್ದಿನ ನಡುವೆ ಹುಡುಕುತ್ತಿದ್ದುದು ತಮ್ಮದೇ ಹೋರಾಟದ ಸುದ್ದಿಯನ್ನು.

ತಾಳವಾಡಿಯ ನುಡಿ ಬಾನುಲಿಗೆ ಬಂದಿಲ್ಲವೆನ್ನುವಂತಿಲ್ಲ. ಮಲೆಯ ಮಾದೇಶ್ವರ, ಮಂಟೇಸ್ವಾಮಿ ಮಹಾಕಾವ್ಯಗಳ ಸೀಮೆಗೆ ಅಂಟಿಕೊಂಡ ನೆಲ ಇದು. ಕಂಸಾಳೆಯವರ, ನೀಲಗಾರರ ಹಾಡು ಜನಪದ ಸಂಗೀತವೆಂಬ ಹೆಸರಿನಲ್ಲಿ ಆಕಾಶವಾಣಿಯಿಂದ ಕೇಳಿಬಂದಿದೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯು 1984ರಲ್ಲಿ ನಂಜನಗೂಡು ಸೀಮೆಯ ದಲಿತರ ಆಡುನುಡಿಯನ್ನು ನಿರೂಪಣೆಯ ಭಾಷೆಯನ್ನಾಗಿಸಿದಾಗ ಶಿಷ್ಟ ಓದುಗರು ತಬ್ಬಿಬ್ಬಾದದ್ದು, ಆ ನುಡಿ ಹಾಡಿನಿಂದ ಹೊರಬಂದು ಮಾತಿನ ಸ್ಥಾನದಲ್ಲಿ ಕುಳಿತದ್ದರಿಂದ. ವಾರ್ತೆ, ಕೃಷಿ ಸಲಹೆ, ಚರ್ಚೆ ಶಿಷ್ಟ ಕನ್ನಡದಲ್ಲಿ. ಊರ ನುಡಿ ಹಾಡಿನಲ್ಲಿ, ಇಲ್ಲವೇ ನಾಟಕದ ಹಾಸ್ಯಪಾತ್ರದ ಬಾಯಲ್ಲಿ: ಈ ಹಂಚಿಕೆ ಅಮೆರಿಕದಲ್ಲಿಯೂ ಇತ್ತು. ಕಪ್ಪು ಜನರ ಸಂಗೀತಕ್ಕೆ ಅವಕಾಶ ಮೊದಲು ಸಿಕ್ಕಿತು, ಅವರ ಅಭಿಪ್ರಾಯಕ್ಕೆ ಬಹಳ ತಡವಾಗಿ.

ಈ ಸೀಮೆಯಿಂದ ಹೊರಟ ದನಿಯೊಂದಕ್ಕೆ ಎರಡೂ ರಾಜ್ಯಗಳು ಕಿವಿಗೊಟ್ಟ ಸಂದರ್ಭವೂ ಇದೆ. 2000ದ ಜುಲೈ 30ರಂದು ವೀರಪ್ಪನ್ ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ಅಪಹರಿಸಿದ. 108 ದಿನಗಳ ನಂತರ, ನವೆಂಬರ್ 15ರಂದು ಅವರ ಬಿಡುಗಡೆಯಾಯಿತು. ಆ ಅವಧಿಯಲ್ಲಿ ಕಾಡಿನಿಂದ ಬಂದ ಧ್ವನಿಸುರುಳಿಗಳಿಗಾಗಿ ಎರಡು ಸರ್ಕಾರಗಳೂ ಕಾದವು. ಅವುಗಳ ಬೇಡಿಕೆಗಳಲ್ಲಿ ಕರ್ನಾಟಕದಲ್ಲಿ ತಮಿಳಿಗೆ ಆಡಳಿತ ಭಾಷೆಯ ಸ್ಥಾನ, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯ ಅನಾವರಣ ಸೇರಿದ್ದವು. ಕರ್ನಾಟಕದ ತಮಿಳು ಅಲ್ಪಸಂಖ್ಯಾತರ ಪರವಾದ ಮಾತು ತಮಿಳುನಾಡಿನ ಕನ್ನಡ ಅಲ್ಪಸಂಖ್ಯಾತರ ಅಂಗಳದಿಂದ, ಅವರ ಊರಿನ ಮಗನನ್ನೇ ಒತ್ತೆಯಾಗಿಟ್ಟುಕೊಂಡು ಹೊರಟಿತು. ಅಂಗಳದವರ ಮಾತು ಮಾತ್ರ ಯಾವ ಸುರುಳಿಯಲ್ಲೂ ಇರಲಿಲ್ಲ.

ಅವರಿಗೆ ಹೇಳುವುದಕ್ಕೇನೂ ಇರಲಿಲ್ಲವೆಂದಲ್ಲ. ವಿಶೇಷ ಕಾರ್ಯಪಡೆಯ ಕಾಲದಲ್ಲಿ ಈ ಬೆಟ್ಟಗಳ ಸೋಲಿಗರು ಅನುಭವಿಸಿದ ಹಿಂಸೆಯನ್ನು ಎಸ್. ಬಾಲಮುರುಗನ್ ಅವರ ‘ಸೋಳಗರ್ ತೊಟ್ಟಿ’ ಕಾದಂಬರಿ ದಾಖಲಿಸಿತು; ಅದೂ 2004ರದೇ, ವಾರ್ಡ್ ಅವರ ಗ್ರಂಥದ ವರ್ಷದ್ದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನೇಮಿಸಿದ್ದ ನ್ಯಾಯಮೂರ್ತಿ ಸದಾಶಿವ ಸಮಿತಿ ಎರಡೂ ರಾಜ್ಯಗಳ ಸಂತ್ರಸ್ತರ ಹೇಳಿಕೆ ಪಡೆಯಿತು. 2007ರಲ್ಲಿ ಆಯೋಗವು 89 ಮಂದಿಗೆ 2.80 ಕೋಟಿ ರೂಪಾಯಿಗಳ ಪರಿಹಾರ ಸೂಚಿಸಿತು. ಕನ್ನಡಕ್ಕೆ ಹತ್ತಿರದ ನುಡಿಯನ್ನಾಡುವವರ ಸಂಕಟದ ಸಾಕ್ಷ್ಯ ಸಾಹಿತ್ಯದಲ್ಲಿ ಮೊದಲು ಮೂಡಿದ್ದು ತಮಿಳಿನಲ್ಲಿ. ಕನ್ನಡದ ಗಡಿಚಿಂತನೆಗೆ ಇದು ಇರುಸುಮುರುಸಿನ ಸಂಗತಿಯಾಗಬೇಕು. ರಾಜ್‌ಕುಮಾರರ ಹುಟ್ಟೂರೆಂದು ಗಾಜನೂರನ್ನು ನೆನೆಯುವ ಲೇಖನಗಳಿಗೆ ಲೆಕ್ಕವಿಲ್ಲ. ಅದೇ ಬೆಟ್ಟಗಳ ಸೋಲಿಗರ ಹಾಡಿಗಳ ಸುದ್ದಿ ಅವುಗಳಲ್ಲಿ ವಿರಳ.

ಕಾನೂನಿನ ನೆಲೆಯಲ್ಲಿ ಅಮೆರಿಕದ ಚರಿತ್ರೆ ಕೊಡುವ ಪಾಠ ರೇಡಿಯೋದ್ದಲ್ಲ, ಟೆಲಿವಿಷನ್‌ನದು. ಮಿಸಿಸಿಪ್ಪಿಯ ಜಾಕ್ಸನ್ ನಗರದ ಡಬ್ಲ್ಯೂಎಲ್‌ಬಿಟಿ ಕೇಂದ್ರ ಕಪ್ಪು ಜನರ ಸುದ್ದಿಯನ್ನು ಅದುಮಿಡುತ್ತಿದೆಯೆಂಬ ದೂರಿನ ಮೇಲೆ 1966ರಲ್ಲಿ ಮೇಲ್ಮನವಿ ನ್ಯಾಯಾಲಯವು, ಪರವಾನಗಿಯ ನವೀಕರಣವನ್ನು ಪ್ರಶ್ನಿಸುವ ಹಕ್ಕು ವೀಕ್ಷಕರಿಗೂ ಇದೆಯೆಂದಿತು. ಭಾರತದಲ್ಲಿ 1995ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತರಂಗಗಳು ಸಾರ್ವಜನಿಕ ಸ್ವತ್ತೆಂದು ಸಾರಿತು. ತೀರ್ಪು ಬಂದರೂ ಬಾಗಿಲು ತೆರೆಯಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ಗೆ ಆಕಾಶ ದೊರೆಯಲಿಲ್ಲವಾಗಿ ಅದು ಕೇಬಲ್ ತಂತಿಯನ್ನು ಹಿಡಿದು 2003ರಲ್ಲಿ ಮನೆಮನೆ ತಲುಪಿತು. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಅನುಮತಿ ದೊರೆತದ್ದು 2006ರ ಮಾರ್ಗಸೂಚಿಯಿಂದ. ಜಹೀರಾಬಾದ್ ಬಳಿಯ ಮಾಚನೂರಿನ ದಲಿತ ಮಹಿಳೆಯರ ‘ಸಂಘಂ ರೇಡಿಯೋ’ 2008ರ ಅಕ್ಟೋಬರ್ 15ರಂದು ಆರಂಭವಾಯಿತು. ಮಾರ್ಗಸೂಚಿಯಲ್ಲಿ ಎರಡು ಅಂಶಗಳು ಒಟ್ಟಿಗಿವೆ: ಪ್ರಸಾರ ಸ್ಥಳೀಯ ನುಡಿಯಲ್ಲಿರಲಿ ಎಂಬ ಆಶಯ, ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಕ್ಕೆ ನಿಷೇಧ. ಮೊದಲನೆಯದರ ಪ್ರಕಾರ ತಾಳವಾಡಿಯ ಬಾನುಲಿ ತಮಿಳುನಾಡಿನೊಳಗೇ ಕನ್ನಡದಲ್ಲಿ ಮಾತನಾಡಬಹುದು. ಎರಡನೆಯದು ಅದರ ಬಾಯಿ ಕಟ್ಟುತ್ತದೆ. 2022ರ ಫೆಬ್ರುವರಿಯಲ್ಲಿ ಮದರಾಸು ಹೈಕೋರ್ಟಿನ ಆದೇಶದಂತೆ ದಿಂಬಂ ಘಟ್ಟದಲ್ಲಿ ರಾತ್ರಿ ಸಂಚಾರ ನಿಂತಾಗ ಸೀಮೆಯ ರೈತರು, ವ್ಯಾಪಾರಿಗಳು ಪ್ರತಿಭಟಿಸಿದರು. ರಸ್ತೆ ಎಷ್ಟು ಹೊತ್ತಿಗೆ ಮುಚ್ಚುತ್ತದೆಂಬುದು ಮಾಹಿತಿ. ಏಕೆ ಮುಚ್ಚಬೇಕು, ರಾತ್ರಿ ಹೆರಿಗೆನೋವು ಬಂದವಳ ಪಾಡೇನು, ವನ್ಯಜೀವಿಗಳಿಗೆ ಬೇರೆ ದಾರಿಯೇನು ಎಂಬ ವಾದ ಸುದ್ದಿ. ಈ ಗೆರೆಯ ಆಚೆ ಕಾಲಿಡಲಾಗದ ಬಾನುಲಿ ಬರ್ಮಿಂಗ್‌ಹ್ಯಾಮಿನ ಉದ್ಘೋಷಕರಂತೆ ಹಾಸ್ಯದ ಮರೆಗೆ ಹೋಗಬೇಕಾದೀತು.

ಹೋಲಿಕೆಗೆ ಮಿತಿಯೂ ಇದೆ. ಅಮೆರಿಕದ ಕಪ್ಪು ಜನರದು ಭಾಷಾ ಅಲ್ಪಸಂಖ್ಯಾತರ ಹೋರಾಟವಲ್ಲ. ಅವರನ್ನು ಹೊರಗಿಟ್ಟದ್ದು ಬಣ್ಣ. ತಾಳವಾಡಿಯಲ್ಲಿ ರಾಜ್ಯದ ಎದುರು ಅಲ್ಪಸಂಖ್ಯಾತವಾಗಿರುವ ಕನ್ನಡ, ಸೋಲಿಗರ ಮತ್ತು ಊರಾಳಿಗಳ ನುಡಿಯ ಎದುರು ದೊಡ್ಡ ಭಾಷೆಯಾಗಿ ನಿಲ್ಲುತ್ತದೆ, ಕನ್ನಡದೊಳಗೂ ಕೇರಿಗಳಿವೆ. ತಾಲ್ಲೂಕು ಕೇಂದ್ರದ ಮೇಲುಜಾತಿಯ ಉದ್ಘೋಷಕನೊಬ್ಬ ಅಚ್ಚಗನ್ನಡದಲ್ಲಿ ಮಾತನಾಡಿ, ಸೋಲಿಗ ಮಹಿಳೆಯನ್ನು ವಾರಕ್ಕೊಮ್ಮೆ ಹಾಡಲು ಕರೆದರೆ ಅದು ಹತ್ತು ಕಿಲೋಮೀಟರ್ ವ್ಯಾಪ್ತಿಯ ಮತ್ತೊಂದು ಆಕಾಶವಾಣಿಯೇ. ಆಕೆ ಅರಣ್ಯ ಹಕ್ಕಿನ ಅರ್ಜಿ ಏನಾಯಿತೆಂದು ತನ್ನ ನುಡಿಯಲ್ಲಿ ಕೇಳಬೇಕು. ಉತ್ತರಿಸಬೇಕಾದ ತಮಿಳು ಅಧಿಕಾರಿಗೆ ಅದನ್ನು ತಮಿಳಿನಲ್ಲಿ ದಾಟಿಸುವವರೊಬ್ಬರು ಮೈಕಿನ ಪಕ್ಕದಲ್ಲೇ ಕುಳಿತಿರಬೇಕು. ಅಧಿಕಾರಿಯ ಮಾತು ಅದೇ ಸಂಜೆ ಆಕೆಯ ಹಾಡಿಗೆ, ಆಕೆಯ ನುಡಿಯಲ್ಲಿ ಮರಳಬೇಕು.