ನಳಿಗೆಯ ಮೇಲಿನ ಇಸವಿ: ಟಿಪ್ಪುವಿನ ಬಂದೂಕುಗಳನ್ನು ಹರಾಜು ಕ್ಯಾಟಲಾಗ್‌ಗಳು ಓದುವ ರೀತಿ

2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬೋನ್ಹಾಮ್ಸ್ ಹರಾಜಿನಲ್ಲಿ ಟಿಪ್ಪು ಸುಲ್ತಾನನ ಒಂದು ಬೇಟೆ ಬಂದೂಕು 7 ಲಕ್ಷ ಪೌಂಡ್‌ಗೂ ಹೆಚ್ಚಿಗೆ ಹೋಯಿತು. 2019ರಲ್ಲಿ ಬರ್ಕ್‌ಷೈರಿನಲ್ಲಿ, ಮನೆಯೊಂದರ ಅಟ್ಟದಲ್ಲಿ ಸಿಕ್ಕಿದ್ದ ಇನ್ನೊಂದು ಚಕಮಕಿ ಬಂದೂಕು 60,000 ಪೌಂಡ್‌ಗೆ ಹೋಯಿತು. ಎರಡನ್ನೂ ಮಾರಿದ್ದು ಟಿಪ್ಪುವಿನ ಖಾಸಗಿ ಆಯುಧಾಗಾರದ್ದು ಅಂತಲೇ. ಬೆಲೆಯಲ್ಲಿ ಹತ್ತು ಪಟ್ಟಿಗೂ ಮೀರಿದ ಅಂತರ ಯಾಕೆ ಅನ್ನೋದು ಸಂಗ್ರಾಹಕರ ವಿಚಾರ, ಬಿಡಿ. ನನ್ನ ತಕರಾರು ಆ 'ಖಾಸಗಿ' ಎಂಬ ಮಾತಿನ ಬಗ್ಗೆ.

ಈ ಬ್ಲಾಗಿನ ಓದುಗರಿಗೆ ಇದು ಹೊಸದಲ್ಲ. ಯಾವುದೋ ಹಳ್ಳಿಯ ಗಾವುಂಡ ಕೆರೆಗೆ ಭೂಮಿ ಬಿಟ್ಟ ಶಾಸನದಲ್ಲೂ ಮೊದಲ ಸಾಲುಗಳೆಲ್ಲ ಆಳುವ ದೊರೆಯ ಬಿರುದುಗಳೇ. ಹಾಗಂತ ನಾವು ಅದನ್ನು ದೊರೆಯ ಶಾಸನ ಅನ್ನುವುದಿಲ್ಲ. ಬಂದೂಕಿನ ಮೇಲಿನ ಹೈದರ್ ಮುದ್ರೆ, ಹುಲಿಪಟ್ಟೆಯ ಬಬ್ರಿ ವಿನ್ಯಾಸ, ಸರ್ಕಾರದ ಹೆಸರು, ಇವೂ ಹಾಗೆಯೇ. ವಸ್ತು ಯಾವ ರಾಜ್ಯದ್ದು ಅಂತ ಹೇಳುತ್ತವೆ, ಯಾರ ಕೈಯಲ್ಲಿತ್ತು ಅಂತ ಹೇಳುವುದಿಲ್ಲ. 'ಹೈದರ್' ಅಂದರೆ ಟಿಪ್ಪುವಿನ ತಂದೆಯ ಹೆಸರೂ ಹೌದು, ಸಿಂಹ ಎಂಬ ಅರ್ಥದಲ್ಲಿ ಹಜರತ್ ಅಲಿಯ ಬಿರುದೂ ಹೌದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಲೂಟಿಯಾದದ್ದು, ಹಂಚಿಕೆಯಾದದ್ದು ಕಡಿಮೆಯೇನಲ್ಲ. ಒಂದು ಕೋವಿ ಸೈನಿಕನ ಹೆಗಲ ಮೇಲಿಂದ ಬಂತೋ ಅರಮನೆಯ ಗೋಡೆಯಿಂದ ಬಂತೋ ಅನ್ನುವುದಕ್ಕೆ ಬೇರೆಯೇ ಪುರಾವೆ ಬೇಕು.

ನಿಜವಾದ ಶಾಸನ ಇರೋದು ಇಸವಿಯಲ್ಲಿ. ಕಾರ್ಖಾನೆಯಲ್ಲಿ ದಿನಾ ಬ್ಯಾಚ್ ನಂಬರ್ ನೋಡುವ ನನ್ನ ಕಣ್ಣು ಮೊದಲು ಹೋಗುವುದೂ ಅಲ್ಲಿಗೇ. ನಳಿಗೆಯ ಮೇಲೆ 1224 ಅಂತ ಇದೆ ಅಂದುಕೊಳ್ಳಿ. ಹಿಜರಿ ಅಂತ ಓದಿದರೆ 1809, ಟಿಪ್ಪು ಸತ್ತು ಹತ್ತು ವರ್ಷ! ಕೋವಿ ನಕಲಿ ಅಂತ ತೀರ್ಪು ಕೊಟ್ಟುಬಿಡಬಹುದು. ಆದರೆ ಅವನು ಜಾರಿಗೆ ತಂದ ಮೌಲೂದಿ ಶಕೆಯಲ್ಲಿ ಅದೇ ಸಂಖ್ಯೆ 1796-97. ಅವನ ಮೌಲೂದಿ ನಾಣ್ಯಗಳಲ್ಲಂತೂ ಅಂಕಿಗಳು ಬಲದಿಂದ ಎಡಕ್ಕೆ; ತಿಳಿಯದವರು 4221 ಅಂತ ಓದಿ ಕಕ್ಕಾಬಿಕ್ಕಿಯಾಗುತ್ತಾರೆ.

ಇನ್ನೂ ಸೊಗಸಾದದ್ದಿದೆ. ಟಿಪ್ಪುವಿನ ಪಂಚಾಂಗ ನಮ್ಮ ಅರವತ್ತು ಸಂವತ್ಸರಗಳ ಚಕ್ರದ ಮೇಲೇ ನಿಂತಿದೆ, ಹೆಸರುಗಳು ಮಾತ್ರ ಬೇರೆ. 1224ರ ಹೆಸರು 'ಹಿರಾಸತ್'. ಅವನು ಆಮೇಲೆ ಬಳಸಿದ ಅಕ್ಷರಸಂಖ್ಯೆಯ ಕ್ರಮದಲ್ಲಿ ಅದನ್ನು ಬಿಡಿಸಿ: ಹ 6, ರ 10, ಅಲಿಫ್ 1, ಸ 30, ತ 3. ಒಟ್ಟು 50. ಐವತ್ತನೇ ಸಂವತ್ಸರ ಯಾವುದು? ನಳ. 1796ರ ಯುಗಾದಿಗೆ ಶುರುವಾದದ್ದು ನಳ ಸಂವತ್ಸರವೇ. ಕಟಪಯಾದಿ ಗೊತ್ತಿರುವವರಿಗೆ ಈ ಆಟದ ರುಚಿ ಹೇಳಬೇಕಾಗಿಲ್ಲ.

ಕ್ಯಾಟಲಾಗ್‌ಗಳಲ್ಲಿ ನಾನು ಹುಡುಕುವುದು ಇಂಥದ್ದನ್ನೇ. ಸಿಗುವುದು ಬಹುತೇಕ ಇಂಗ್ಲಿಷ್ ಅನುವಾದ, ಜೊತೆಗೆ ಕ್ರಿಸ್ತಶಕಕ್ಕೆ ತಿರುಗಿಸಿದ ಇಸವಿ. ಮೂಲ ಪರ್ಷಿಯನ್ ಪಾಠ ಇಲ್ಲ, ಲಿಪ್ಯಂತರ ಇಲ್ಲ. ಬೆಳ್ಳಿ ಕುಸುರಿಗೆ ನಾಲ್ಕು ಫೋಟೋ, ಅಕ್ಷರಗಳಿಗೆ ಓರೆಯಾದ ಒಂದು. ಅನುವಾದ ಸರಿಯಿರಬಹುದು, ಆದರೆ ತಾಳೆ ನೋಡಲು ದಾರಿ ಇಲ್ಲ. ಪಾಠ ಕೊಡದೆ ಸಾರಾಂಶ ಮಾತ್ರ ಅಚ್ಚು ಹಾಕಿದ ಶಾಸನ ಸಂಪುಟವನ್ನು ನಾವು ಒಪ್ಪುತ್ತೇವಾ?

ಸಂಗ್ರಾಹಕರನ್ನೆಲ್ಲ ಬೈಯುವುದೂ ತಪ್ಪು. ಈ ಬಂದೂಕುಗಳ ಬಗ್ಗೆಯೇ 1992ರಲ್ಲಿ ಇಡೀ ಪುಸ್ತಕ ಬರೆದ ರಾಬಿನ್ ವಿಗಿಂಗ್ಟನ್ ಸ್ವತಃ ಸಂಗ್ರಾಹಕರು. ಆದರೆ ಅವರ ಸಂಗ್ರಹವೂ 2005ರಲ್ಲಿ ಹರಾಜಿಗೆ ಬಂತು. ಬಂಡೆಗಲ್ಲಿನ ಶಾಸನವಾದರೆ ನಾಳೆ ಹೋಗಿ ಇನ್ನೊಂದು ಪಡಿಯಚ್ಚು ತೆಗೆಯಬಹುದು. ಕೋವಿ ಒಮ್ಮೆ ಯಾರದೋ ತಿಜೋರಿ ಸೇರಿದರೆ ನಮಗೆ ಉಳಿಯುವುದು ಕ್ಯಾಟಲಾಗಿನ ಆ ಒಂದು ಓರೆ ಫೋಟೋ. ಹಾಗಾಗಿ ಮುಂದಿನ ಹರಾಜಿನ ಪ್ರಕಟಣೆ ಬಂದಾಗ, ಕೊಳ್ಳುವವರಲ್ಲದಿದ್ದರೂ ಪತ್ರ ಬರೆದು ಕೇಳಿ: ನಳಿಗೆಯ ನೇರ ಚಿತ್ರ, ಮುದ್ರೆಗಳ ಹತ್ತಿರದ ಚಿತ್ರ, ಅಂಕಿಗಳು ಕೆತ್ತಿದ ಕ್ರಮದಲ್ಲೇ.