ಎಲೆಮರೆಯ ಕಾಯಿಗೆ ಯಾರು ಬೆಲೆ ಕಟ್ಟುತ್ತಾರೆ?

ಐಪಿಎಲ್ ಹರಾಜಿಗೆ ಇನ್ನೂ ಎರಡು ಮೂರು ವಾರ ಇರುವಾಗಲೇ ಆರ್‌ಸಿಬಿ ಅಭಿಮಾನಿಗಳ ನಡುವೆ ಇನ್ನೊಂದು ಹರಾಜು ನಡೆದುಹೋಗಿರುತ್ತದೆ. ಬಿಡದಿ ಕೈಗಾರಿಕಾ ಪ್ರದೇಶಕ್ಕೆ ಪಾಳಿಗೆ ಹೋಗುವವರ ಬಸ್ಸಿನಲ್ಲಿ, ಚನ್ನಪಟ್ಟಣದ ಹಾಸ್ಟೆಲ್ ಕೋಣೆಯಲ್ಲಿ, ದೂರದೇಶದಲ್ಲಿರುವ ಗೆಳೆಯರ ವಿಡಿಯೊ ಕರೆಯಲ್ಲಿ ಹತ್ತು ಜನ ಹತ್ತು ತಂಡಗಳನ್ನು ಹಂಚಿಕೊಂಡು ಕೂರುತ್ತಾರೆ. ಹನ್ನೊಂದನೆಯವನು ಹರಾಜು ಕೂಗುತ್ತಾನೆ. ಹಣ ಸುಳ್ಳು, ನಿಯಮ ಮಾತ್ರ ಅಸಲಿ. 2025ರ ಸಾಲಿನ ಲೆಕ್ಕ ಹಿಡಿದರೆ ತಂಡವೊಂದಕ್ಕೆ 120 ಕೋಟಿ ರೂಪಾಯಿ, ಹೆಚ್ಚೆಂದರೆ 25 ಆಟಗಾರರು, ಅವರಲ್ಲಿ 8 ಜನ ವಿದೇಶಿಯರು. ಇದನ್ನು ಮಾಕ್ ಆಕ್ಷನ್ ಅನ್ನುತ್ತಾರೆ. ಅಣಕು ಹರಾಜು ಅಂದರೂ ಸರಿಯೇ.

ಹೊತ್ತು ಕಳೆಯುವ ಆಟ ಎಂದು ಇದನ್ನು ಬದಿಗೆ ಸರಿಸಬಹುದು. ಆದರೆ ಕೈಗೆ ಸಿಕ್ಕ ಪಟ್ಟಿಯೊಂದನ್ನು ಗಮನವಿಟ್ಟು ಓದಿದರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಮೊದಲ ಸುತ್ತುಗಳಲ್ಲಿ ಎಲ್ಲರ ಪಟ್ಟಿಯೂ ಒಂದೇ. ಟೀವಿಯಲ್ಲಿ ಕಂಡ ಹೆಸರುಗಳು, ಎಲ್ಲರಿಗೂ ಗೊತ್ತಿರುವ ಅಂಕಿ ಅಂಶ, ಜೋರು ದನಿ. ಅಲ್ಲಿ ಓದುವ ಕಣ್ಣು ಬೇಕಿಲ್ಲ, ಹಣ ಇದ್ದರೆ ಸಾಕು. ಕೊನೆಯ ಸುತ್ತಿಗೆ ಬರುವಷ್ಟರಲ್ಲಿ ಹಣ ಕರಗಿರುತ್ತದೆ, ಆರೇಳು ಜಾಗ ಖಾಲಿ ಉಳಿದಿರುತ್ತವೆ, ಉಳಿದ ಹೆಸರುಗಳು ಹೆಚ್ಚಿನವರಿಗೆ ಅಪರಿಚಿತ. ಮೂಲಬೆಲೆ 30 ಲಕ್ಷಕ್ಕೆ ಒಬ್ಬನನ್ನು ಎತ್ತಿಕೊಳ್ಳುವವನು ಆಗ ಬಾಯಿಬಿಟ್ಟು ಕಾರಣ ಹೇಳಲೇಬೇಕು. ಇವನೇ ಏಕೆ? ಎಷ್ಟನೇ ಕ್ರಮಾಂಕದಲ್ಲಿ? ಯಾರ ಬದಲು? ಅಲ್ಲಿಂದ ಮುಂದೆ ಅಭಿಮಾನಿಯ ಮಾತು ವಿಮರ್ಶೆಯಾಗುತ್ತದೆ.

ಇಂಥ ಆಯ್ಕೆಗೆ ಅಭಿಮಾನಿಗಳು ಬಳಸುವ ಪದ ‘ಸ್ಲೀಪರ್’. ಇದು ಅಮೆರಿಕದ ಫುಟ್‌ಬಾಲ್ ಕಡೆಯಿಂದ ಬಂದ ಮಾತು. ಅಲ್ಲಿ ಹರಾಜಿಲ್ಲ, ಡ್ರಾಫ್ಟ್ ಇದೆ. ತಂಡಗಳು ಸರದಿಯ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಅದಕ್ಕೂ ಮೊದಲು ಅಭಿಮಾನಿಗಳು ತಮ್ಮದೇ ಅಣಕು ಡ್ರಾಫ್ಟ್ ನಡೆಸಿ, ಕೊನೆಯ ಸುತ್ತುಗಳಲ್ಲಿ ಯಾರು ಅಡಗಿದ್ದಾರೆಂದು ಹುಡುಕುತ್ತಾರೆ. ಆ ಹುಡುಕಾಟಕ್ಕೆಲ್ಲ ಮೂಲಪುರಾಣ ಟಾಮ್ ಬ್ರೇಡಿಯದು. 2000ದ ಡ್ರಾಫ್ಟಿನಲ್ಲಿ ಆರನೇ ಸುತ್ತಿನವರೆಗೆ ಯಾರಿಗೂ ಬೇಡವಾಗಿದ್ದು, 199ನೆಯವನಾಗಿ ಆಯ್ಕೆಯಾದ ಹುಡುಗ ಮುಂದೆ ಏಳು ಸೂಪರ್ ಬೌಲ್ ಗೆದ್ದ.

ಸ್ಲೀಪರ್ ಎಂದರೆ ಮಲಗಿರುವವನು. ಆ ಪದದಲ್ಲೇ ಒಂದು ತೀರ್ಪಿದೆ. ಆಟಗಾರ ನಿದ್ದೆಯಲ್ಲಿದ್ದ, ಒಂದು ದಿನ ಎದ್ದ. ಕನ್ನಡದಲ್ಲಿ ಇದೇ ಸಂಗತಿಗೆ ನಾವು ಹೇಳುವುದು ಎಲೆಮರೆಯ ಕಾಯಿ ಎಂದು. ಕಾಯಿ ತನ್ನ ಪಾಡಿಗೆ ಬೆಳೆಯುತ್ತಲೇ ಇದೆ, ನಡುವೆ ಎಲೆ ಇದೆ, ಕಾಣದಿರುವುದು ನೋಡುವವನ ಪಾಡು. ಒಂದು ಪದ ಆಟಗಾರನ ಮೇಲೆ ಹೊರೆ ಹಾಕಿದರೆ, ಇನ್ನೊಂದು ನಮ್ಮ ಕಣ್ಣಿನ ಮೇಲೆ ಹಾಕುತ್ತದೆ. ಕೊನೆಯ ಸುತ್ತಿನ ಆಯ್ಕೆಗಳನ್ನು ಓದಲು ಎರಡನೆಯದೇ ಹೆಚ್ಚು ಉಪಯೋಗದ ಮಾತು ಎಂಬುದು ನನ್ನ ವಾದ.

ರಜತ್ ಪಾಟೀದಾರ್ ಉದಾಹರಣೆ ನೋಡಿ. 2021ರಲ್ಲಿ ಆರ್‌ಸಿಬಿಗೆ 4 ಪಂದ್ಯ ಆಡಿ 71 ರನ್ ಮಾಡಿದ್ದರು. 2022ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ನಡೆದ ದೊಡ್ಡ ಹರಾಜಿನಲ್ಲಿ ಅವರನ್ನು ಯಾರೂ ಕೊಳ್ಳಲಿಲ್ಲ. ಋತುವಿನ ನಡುವೆ ಗಾಯಗೊಂಡವರ ಜಾಗಕ್ಕೆ 20 ಲಕ್ಷಕ್ಕೆ ಬಂದರು. ಮೇ 25ರಂದು ಈಡನ್ ಗಾರ್ಡನ್ಸ್‌ನಲ್ಲಿ ಲಖನೌ ವಿರುದ್ಧದ ಎಲಿಮಿನೇಟರ್‌ನಲ್ಲಿ 54 ಎಸೆತಕ್ಕೆ ಅಜೇಯ 112 ಹೊಡೆದರು. 2025ರ ಸಾಲಿಗೆ ಅದೇ ತಂಡ ಅವರನ್ನು 11 ಕೋಟಿಗೆ ಉಳಿಸಿಕೊಂಡು ನಾಯಕನನ್ನಾಗಿ ಮಾಡಿತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿ ಆರ್‌ಸಿಬಿ ಮೊದಲ ಸಲ ಕಪ್ ಎತ್ತಿದಾಗ ಅದು ಇದ್ದದ್ದು ಪಾಟೀದಾರರ ಕೈಯಲ್ಲಿ.

ಪಾಟೀದಾರ್ ಮಲಗಿದ್ದರೇ? ಅದೇ ತಂಡ ಅವರನ್ನು ಒಮ್ಮೆ ಕೈಗೆತ್ತಿಕೊಂಡು, ನಾಲ್ಕು ಪುಟ ತಿರುವಿ, ಕಪಾಟಿಗೆ ಹಿಂತಿರುಗಿಸಿತ್ತು. ಎಲೆಯ ಮರೆ ಅಂದರೆ ಇಲ್ಲಿ ಆ ನಾಲ್ಕು ಪಂದ್ಯ. ಓದದೆ ಉಳಿದ ಪುಸ್ತಕ ಒಂದು ಬಗೆ, ಅವಸರದಲ್ಲಿ ಓದಿ ಕೆಳಗಿಟ್ಟ ಪುಸ್ತಕ ಇನ್ನೊಂದು ಬಗೆ. ಅಣಕು ಹರಾಜುಗಳ ದೊಡ್ಡ ಕೊರತೆ ಎಂದರೆ ಎರಡನ್ನೂ ಒಂದೇ ಬುಟ್ಟಿಗೆ ಹಾಕುವುದು.

ಮೂರನೆಯ ಬಗೆಯೂ ಇದೆ. 2011ರ ಜನವರಿಯ ಹರಾಜಿನಲ್ಲಿ ಕ್ರಿಸ್ ಗೇಲ್ ಅವರನ್ನು ಯಾರೂ ಕೊಳ್ಳಲಿಲ್ಲ. ಡಿರ್ಕ್ ನ್ಯಾನಸ್ ಗಾಯಗೊಂಡಿದ್ದರಿಂದ ಏಪ್ರಿಲ್‌ನಲ್ಲಿ ಆರ್‌ಸಿಬಿಗೆ ಬಂದರು, 608 ರನ್ ಹೊಡೆದು ಆರೆಂಜ್ ಕ್ಯಾಪ್ ತೊಟ್ಟರು. ಗೇಲ್ ಯಾವ ಎಲೆಯ ಮರೆಯಲ್ಲೂ ಇರಲಿಲ್ಲ. ಹಿತ್ತಿಲ ಹಲಸಿನ ಹಾಗೆ ಎಲ್ಲರ ಕಣ್ಣೆದುರೇ ಇದ್ದರು. ಇವರನ್ನು ಸ್ಲೀಪರ್ ಪಟ್ಟಿಗೆ ಸೇರಿಸಿದರೆ ಆ ಪದಕ್ಕೆ ಅರ್ಥವೇ ಉಳಿಯುವುದಿಲ್ಲ.

ಈ ವಿಂಗಡಣೆ ಇಟ್ಟುಕೊಂಡು 2024ರ ನವೆಂಬರ್ 24 ಮತ್ತು 25ರ ಜೆಡ್ಡಾ ಹರಾಜಿಗೆ ಬರೋಣ. ಅನೇಕ ಆರ್‌ಸಿಬಿ ಅಭಿಮಾನಿಗಳ ಪಟ್ಟಿಯಲ್ಲಿ ಮೇಲಿದ್ದ ಹೆಸರು ಕೆ.ಎಲ್. ರಾಹುಲ್. ಅವರು 14 ಕೋಟಿಗೆ ಡೆಲ್ಲಿ ಪಾಲಾದಾಗ ಎದ್ದ ಗದ್ದಲದಲ್ಲಿ ಕೊನೆಯ ಸುತ್ತನ್ನು ಗಮನಿಸಿದವರು ಕಡಿಮೆ. ದೇವದತ್ತ ಪಡಿಕ್ಕಲ್ ಹೆಸರಿಗೆ ಮೊದಲ ಕೂಗಿನಲ್ಲಿ ಒಂದು ಕೈಯೂ ಏಳಲಿಲ್ಲ. ಮತ್ತೆ ಹೆಸರು ಬಂದಾಗ ಆರ್‌ಸಿಬಿ ಮೂಲಬೆಲೆ 2 ಕೋಟಿಗೆ ತೆಗೆದುಕೊಂಡಿತು. 2020ರ ಚೊಚ್ಚಲ ಋತುವಿನಲ್ಲಿ ಇದೇ ತಂಡಕ್ಕೆ 473 ರನ್ ಮಾಡಿದ್ದ ಹುಡುಗ ಈಗ ಮೂರನೇ ಕ್ರಮಾಂಕದಲ್ಲಿ ಬೇರೆಯೇ ವೇಗದಲ್ಲಿ ಆಡಿ 247 ರನ್ ಸೇರಿಸಿದರು. ಗಾಯದಿಂದ ಅವರು ಹೊರಗುಳಿದಾಗ ಬಂದವರು ಮಯಂಕ್ ಅಗರವಾಲ್. ಜೆಡ್ಡಾದಲ್ಲಿ ಅವರನ್ನೂ ಯಾರೂ ಕೊಂಡಿರಲಿಲ್ಲ. ಟೆಸ್ಟ್‌ನಲ್ಲಿ ಎರಡು ದ್ವಿಶತಕ ಹೊಡೆದವರು ಅವರು. ಮೇ 27ರಂದು ಲಖನೌದಲ್ಲಿ 228 ರನ್ ಬೆನ್ನಟ್ಟುವಾಗ ಜಿತೇಶ್ ಶರ್ಮಾ 33 ಎಸೆತಕ್ಕೆ 85 ಮಾಡಿದ್ದನ್ನು ಎಲ್ಲರೂ ನೆನಪಿಟ್ಟಿದ್ದಾರೆ. ಇನ್ನೊಂದು ತುದಿಯಲ್ಲಿ ಔಟಾಗದೆ 41 ಮಾಡಿ ನಿಂತಿದ್ದವರು ಮಯಂಕ್.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಬೇಕು. ಗೆದ್ದವರ ಕಥೆಯನ್ನು ಹಿಂದಿನಿಂದ ಮುಂದಕ್ಕೆ ಹೇಳುವುದು ಸುಲಭ. 2008ರಲ್ಲಿ ಐಪಿಎಲ್‌ನಲ್ಲೂ 19 ವರ್ಷದೊಳಗಿನವರಿಗಾಗಿ ಒಂದು ಡ್ರಾಫ್ಟ್ ನಡೆದಿತ್ತು. ಡೆಲ್ಲಿ ತಂಡ ತನ್ನೂರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ಎಡಗೈ ವೇಗಿ ಪ್ರದೀಪ್ ಸಂಗ್ವಾನ್ ಅವರನ್ನು ಆರಿಸಿತು. ಕೊಹ್ಲಿ ಬೆಂಗಳೂರಿಗೆ ಬಂದರು. ಇಂದು ಅದನ್ನು ಡೆಲ್ಲಿಯ ಮೂರ್ಖತನ ಎಂದು ನಗುತ್ತೇವೆ. ಆದರೆ ಆ ವರ್ಷ ಕೊಹ್ಲಿ 13 ಪಂದ್ಯಗಳಲ್ಲಿ ಮಾಡಿದ್ದು 165 ರನ್. ಸೆಹ್ವಾಗ್, ಗಂಭೀರ್ ಇದ್ದ ತಂಡಕ್ಕೆ ಬ್ಯಾಟರ್‌ಗಿಂತ ಬೌಲರ್ ಬೇಕು ಅನ್ನಿಸಿದ್ದರಲ್ಲಿ ತರ್ಕವಿತ್ತು. 2008ರ ಕೊನೆಗೆ ಯಾರಾದರೂ ವಿಮರ್ಶೆ ಬರೆದಿದ್ದರೆ ಡೆಲ್ಲಿಯ ಆಯ್ಕೆಯನ್ನು ಸಮರ್ಥಿಸಲು ಕಷ್ಟಪಡಬೇಕಿರಲಿಲ್ಲ. ಫಲಿತಾಂಶ ಬೇರೆ, ತೀರ್ಮಾನದ ಗುಣ ಬೇರೆ. ಕೆಟ್ಟ ಕಾರಣಕ್ಕೆ ಆರಿಸಿದ ಹೆಸರು ಗೆಲ್ಲಬಹುದು, ಒಳ್ಳೆಯ ಕಾರಣ ಕೊಟ್ಟು ಆರಿಸಿದ್ದು ಸೋಲಬಹುದು.

ಸೋತವರ, ಕಾದವರ ಲೆಕ್ಕವನ್ನು ನಾವು ಇಡುವುದೂ ಇಲ್ಲ. 2022ರಲ್ಲಿ ಪಾಟೀದಾರ್ ಬಂದದ್ದು ಯಾರ ಜಾಗಕ್ಕೆ? ಕರ್ನಾಟಕದ ಯುವ ವಿಕೆಟ್ ಕೀಪರ್ ಲವನೀತ್ ಸಿಸೋಡಿಯಾ ಅವರ ಜಾಗಕ್ಕೆ. ಆ ಹರಾಜಿನಲ್ಲಿ 20 ಲಕ್ಷಕ್ಕೆ ಆಯ್ಕೆಯಾಗಿದ್ದ, ನಿಜವಾದ ಅರ್ಥದಲ್ಲಿ ಕೊನೆಯ ಸುತ್ತಿನ ಹುಡುಗ ಅವರು. ಒಂದು ಗಾಯ ಒಬ್ಬನ ಬಾಗಿಲು ಮುಚ್ಚಿ ಇನ್ನೊಬ್ಬನದನ್ನು ತೆರೆಯಿತು. ಪಾಟೀದಾರ್ ಕಥೆಯನ್ನು ಹೇಳುವಾಗ ಲವನೀತ್ ಹೆಸರನ್ನು ಕೈಬಿಟ್ಟರೆ, ಅದೃಷ್ಟವನ್ನೆಲ್ಲ ಪ್ರತಿಭೆಯ ಖಾತೆಗೆ ಜಮಾ ಮಾಡಿದಂತಾಗುತ್ತದೆ.

ಇನ್ನು ನಮ್ಮ ಅಣಕು ಹರಾಜುಗಳ ವಿಶೇಷ ಗುಣಕ್ಕೆ ಬರೋಣ. ಕನ್ನಡಿಗರು ನಡೆಸುವ ಹರಾಜಿನಲ್ಲಿ ಕೊನೆಯ ಜಾಗಗಳೆಲ್ಲ ಕರ್ನಾಟಕದ ಹುಡುಗರಿಂದ ತುಂಬುತ್ತವೆ. ಹೊರಗಿನವರು ಇದನ್ನು ಊರಿನ ಮೋಹ ಎಂದು ಹಗುರವಾಗಿ ನೋಡುತ್ತಾರೆ. ಅದು ಅರ್ಧ ನಿಜ. ಮಹಾರಾಜ ಟ್ರೋಫಿಯ ಪಂದ್ಯಗಳನ್ನು ಕೂತು ನೋಡಿದವನಿಗೆ ರಾಯಚೂರಿನ ಮನೋಜ್ ಭಾಂಡಗೆ ಎಂಥ ಚೆಂಡನ್ನು ಎಲ್ಲಿಗೆ ಹೊಡೆಯುತ್ತಾರೆಂಬುದು ಗೊತ್ತಿರುತ್ತದೆ. ಟೀವಿಯ ತಿಳಿವಳಿಕೆಗಿಂತ ಊರಿನ ತಿಳಿವಳಿಕೆ ಮುಂದಿರುವ ಏಕೈಕ ಜಾಗ ಕೊನೆಯ ಸುತ್ತು. ಅಲ್ಲಿ ‘ನಾನು ನೋಡಿದ್ದೇನೆ’ ಎಂಬ ಮಾತಿಗೆ ತೂಕವಿದೆ. ‘ನಮ್ಮವನು’ ಎಂಬ ಮಾತಿಗೆ ಇಲ್ಲ. ಎರಡೂ ಒಂದೇ ದನಿಯಲ್ಲಿ ಬರುವುದರಿಂದ ಬೇರ್ಪಡಿಸುವುದು ಕಷ್ಟ. ಒಂದು ಸರಳ ಪರೀಕ್ಷೆ ಇದೆ: ಆ ಆಟಗಾರನ ಒಂದು ದೌರ್ಬಲ್ಯ ಹೇಳು ಎಂದು ಕೇಳಬೇಕು. ನೋಡಿದವನು ತಕ್ಷಣ ಹೇಳುತ್ತಾನೆ. ನಮ್ಮವನು ಎನ್ನುವವನು ಸಿಟ್ಟಾಗುತ್ತಾನೆ. ಜಿಲ್ಲೆ, ಜಾತಿ, ಗುರುಪರಂಪರೆಗಳ ಲೆಕ್ಕದಲ್ಲಿ ಕಥಾಸಂಕಲನಗಳ ಕೊನೆಯ ಪುಟ ತುಂಬುವುದನ್ನು ಕಂಡ ಕನ್ನಡದ ಓದುಗರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ.

ಸಾಹಿತ್ಯದಲ್ಲಿ ಎಲೆಮರೆಯ ಕಾಯಿಗೆ ನಮ್ಮಲ್ಲಿ ಒಂದು ಅಪರೂಪದ ನಿದರ್ಶನವಿದೆ. ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕರಾಗಿ ದುಡಿದ ನಂದಳಿಕೆ ಲಕ್ಷ್ಮೀನಾರಣಪ್ಪ ತಾವು ಬರೆದ ಕಾವ್ಯಗಳನ್ನು ಹಿಂದಿನ ಕಾಲದವೆಂದು ತೋರಿಸಿ ಮೈಸೂರಿನ ಕಡೆ ಪ್ರಕಟಣೆಗೆ ಕಳಿಸಿದರು. ನಾವು ಮುದ್ದಣ ಎಂದು ಕರೆಯುವುದು ಅವರನ್ನೇ. ಹೊಸಬನ ಹೆಸರಿಗೆ ಬೆಲೆ ಏಳುವುದಿಲ್ಲವೆಂದೋ ಏನೋ, ಅವರು ತಾವೇ ಎಲೆಯನ್ನು ಎಳೆದುಕೊಂಡರು. 1901ರಲ್ಲಿ ತೀರಿಕೊಂಡಾಗ ಅವರಿಗೆ 31 ವರ್ಷ. ‘ಶ್ರೀರಾಮಾಶ್ವಮೇಧಂ’ ಬರೆದವರು ಯಾರೆಂದು ನಾಡಿಗೆಲ್ಲ ಗೊತ್ತಾಗುವ ಹೊತ್ತಿಗೆ ಅವರು ಇರಲಿಲ್ಲ. ಪಾಠ ಅದೇ, ಅಕ್ಷರ ಅದೇ. ಮೇಲಿನ ಚೀಟಿ ಮಾತ್ರ ಬೇರೆ. ಚೀಟಿ ನೋಡಿ ಬೆಲೆ ಕಟ್ಟುವ ಓದನ್ನು ಆ ವ್ಯಾಯಾಮದ ಮೇಷ್ಟ್ರು ಚೆನ್ನಾಗಿ ಅರಿತಿದ್ದರು ಅನ್ನಿಸುತ್ತದೆ.

ಬಿಡದಿಯ ಬಸ್ಸಿನಲ್ಲಿ ಕೂತು ಹರಾಜು ಕೂಗುವವರಿಗೆ ‘ಮೂಲಬೆಲೆ’, ‘ಬದಲಿ’ ಎಂಬ ಪದಗಳು ಬರೀ ಆಟದ ಪದಗಳಾಗಿರಲಾರವು. ಗುತ್ತಿಗೆಯ ಮೇಲೆ ದುಡಿಯುವವನಿಗೆ, ಅಪ್ರೆಂಟಿಸ್ ಆಗಿ ಕಾಯುವವನಿಗೆ ಕರೆ ಬರುವುದೂ ಬಾರದಿರುವುದೂ ಬದುಕಿನ ಪ್ರಶ್ನೆ. ಅದೇ ಪ್ರದೇಶದಲ್ಲಿ ಟೊಯೋಟ 2007ರಲ್ಲಿ ಆರಂಭಿಸಿದ ತಾಂತ್ರಿಕ ತರಬೇತಿ ಸಂಸ್ಥೆ, ಹತ್ತನೇ ತರಗತಿ ಮುಗಿಸಿದ ಹಳ್ಳಿಯ ಬಡ ಮನೆಗಳ ಮಕ್ಕಳನ್ನು ಆರಿಸಿ ಮೂರು ವರ್ಷ ಕಲಿಸುತ್ತದೆ. ನನಗೆ ಇಲ್ಲಿ ಮುಖ್ಯವೆನಿಸುವುದು ಆ ಮೂರು ವರ್ಷ. ಆಯ್ಕೆ ಒಂದು ದಿನದ ಕೆಲಸ, ಬೆಳೆಸುವುದು ವರ್ಷಗಳದ್ದು. ಅಣಕು ಹರಾಜು ಸುತ್ತಿಗೆಯ ಪೆಟ್ಟಿಗೇ ಮುಗಿಯುತ್ತದೆ. 30 ಲಕ್ಷಕ್ಕೆ ಕೊಂಡ ಹುಡುಗನನ್ನು 14 ಪಂದ್ಯವೂ ಬೆಂಚಿನ ಮೇಲೆ ಕೂರಿಸಿದರೆ ಅವನು ಸ್ಲೀಪರ್ ಆಗಿಯೇ ಉಳಿಯುತ್ತಾನೆ, ತಪ್ಪು ಅವನದಲ್ಲ. ಲವನೀತ್ ಅವರನ್ನು ಜೆಡ್ಡಾದಲ್ಲಿ ಕೋಲ್ಕತ್ತ ತಂಡ 30 ಲಕ್ಷಕ್ಕೆ ಕೊಂಡಿತು. ಮತ್ತೆ ಅದೇ ಕೊನೆಯ ಸುತ್ತು, ಮತ್ತೆ ಅದೇ ಕಾಯುವಿಕೆ.

ಹಾಗಾದರೆ ಒಳ್ಳೆಯ ಅಣಕು ಹರಾಜು ಹೇಗಿರಬೇಕು? ಕೊನೆಯ ಸುತ್ತಿನ ಪ್ರತಿ ಹೆಸರಿನ ಮುಂದೆ ಎರಡು ಸಾಲು ಕಾರಣ ಇರಲಿ. ಅವನು ಯಾವ ಬಗೆಯವನು ಎಂದು ಹೇಳಲಿ: ಯಾರೂ ನೋಡದವನೋ, ನೋಡಿ ಕೆಳಗಿಟ್ಟವನೋ. ಅವನ ದೌರ್ಬಲ್ಯವೂ ಅಲ್ಲಿರಲಿ. ಎಷ್ಟು ಪಂದ್ಯ ಕೊಟ್ಟ ಮೇಲೆ ತೀರ್ಪು ಹೇಳಬೇಕೆಂಬುದೂ ಇರಲಿ. ಋತು ಮುಗಿದ ಮೇಲೆ ಅದೇ ಹತ್ತು ಜನ ಅದೇ ಪಟ್ಟಿ ಬಿಚ್ಚಿಕೊಂಡು ಮತ್ತೆ ಕೂರಲಿ, ಗೆದ್ದ ಹೆಸರಿಗೆ ಎಷ್ಟು ಹೊತ್ತು ಕೊಟ್ಟರೋ ಆಡಲು ಸಿಗದ ಹೆಸರಿಗೂ ಅಷ್ಟೇ ಹೊತ್ತು ಕೊಡಲಿ. ಪುಸ್ತಕಗಳ ವರ್ಷಾಂತ್ಯದ ಪಟ್ಟಿ ಮಾಡುವ ನಮಗೂ ಈ ಕ್ರಮ ಒಗ್ಗುತ್ತದೆ. ಕಳೆದ ವರ್ಷ ಯಾವ ಪುಸ್ತಕವನ್ನು ನಾಲ್ಕು ಪುಟ ತಿರುವಿ ಕೆಳಗಿಟ್ಟೆವು ಎಂಬ ಪಟ್ಟಿಯಿಂದ ಶುರು ಮಾಡಬಹುದು.