ಎರಡನೇ ಭಾಗ ನೋಡಲು ಹೊರಟವರಿಗೆ

ದೇವದುರ್ಗದಿಂದಲೋ ಮಾನ್ವಿಯಿಂದಲೋ ಬಸ್ ಹತ್ತಿ ರಾಯಚೂರಿಗೆ ಬಂದು ಥ್ರಿಲ್ಲರ್ ಒಂದರ ಎರಡನೇ ಭಾಗಕ್ಕೆ ಟಿಕೆಟ್ ತಗೊಂಡ ಹೊಸಬರು ಮೊದಲು ಕೇಳುವುದು, ಕೊಲೆಗಾರ ಯಾರು ಅಂತ. ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಡಿ. ತಪ್ಪಿಸಿಕೊಂಡವನಿಗಿಂತ ಹುಡುಕುವವನನ್ನು ನೋಡಿ: ಹಿಂದಿನ ಕೇಸು ಅವನಲ್ಲಿ ಏನು ಉಳಿಸಿದೆ?

ಆಕಾಶ್ ಶ್ರೀವತ್ಸ ನಿರ್ದೇಶಿಸಿದ, ರಮೇಶ್ ಅರವಿಂದ್ ನಟಿಸಿದ 'ಶಿವಾಜಿ ಸುರತ್ಕಲ್' ಇದಕ್ಕೆ ಒಳ್ಳೆಯ ಪಾಠ. 2020ರ ಚಿತ್ರದಲ್ಲಿ ರಣಗಿರಿಯ ರೆಸಾರ್ಟಿನ ಸಾವಿನ ತನಿಖೆಯೂ ಹೆಂಡತಿ ಜನನಿಯನ್ನು ಕಳೆದುಕೊಂಡ ಸಂಕಟವೂ ಹೆಣೆದುಕೊಂಡೇ ಸಾಗುತ್ತವೆ. 2023ರ ಎರಡನೆಯದರಲ್ಲಿ ಶಿವಾಜಿ 'ಮಾಯಾವಿ' ಎಂಬ ಹಂತಕನ ಬೆನ್ನು ಹತ್ತುತ್ತಾನೆ. ಈಗ ಮನೆಯಲ್ಲಿ ಮಗಳಿದ್ದಾಳೆ. ಒಮ್ಮೆ ಕಳೆದುಕೊಂಡವನಿಗೆ ಮತ್ತೆ ಕಳೆದುಕೊಳ್ಳುವ ಭಯ ಎಂಥದ್ದು ಅನ್ನೋದು ಸುಳಿವುಗಳಿಗಿಂತ ಹೆಚ್ಚು ನನ್ನನ್ನು ಹಿಡಿದಿಟ್ಟಿತು.

ಇನ್ನೊಂದು ದಾರಿ ನಿರ್ದೇಶಕ ಶ್ರೀನಿವಾಸರಾಜು ಅವರದು. 2012ರ 'ದಂಡುಪಾಳ್ಯ'ದಲ್ಲಿ ಪೂಜಾ ಗಾಂಧಿ, ಮಕರಂದ್ ದೇಶಪಾಂಡೆ ಇರುವ ಗ್ಯಾಂಗನ್ನು ರವಿಶಂಕರ್ ಅವರ ಇನ್‌ಸ್ಪೆಕ್ಟರ್ ಚಲಪತಿ ಬೆನ್ನಟ್ಟುತ್ತಾನೆ. ನಾವೂ ಅವನ ಪರ ನಿಲ್ಲುತ್ತೇವೆ. 2017ರ ಎರಡನೇ ಭಾಗದಲ್ಲಿ ಪತ್ರಕರ್ತೆಯೊಬ್ಬಳು ಜೈಲಿನಲ್ಲಿರುವ ಆ ಗ್ಯಾಂಗಿನವರ ಮಾತು ಕೇಳುತ್ತಾಳೆ. ಹಿಂದೆ ನಾವು ಕಣ್ಣಾರೆ ಕಂಡದ್ದು ಪೊಲೀಸರು ಕಟ್ಟಿದ ಕತೆಯೇ? ಹಿಂಸೆ ಅತಿಯಾಯಿತು, ನಿಜ. ಆದರೂ ಮೊದಲ ಚಿತ್ರದ ಮೇಲೇ ಅನುಮಾನ ಹುಟ್ಟಿಸುವ ಈ ಧೈರ್ಯ ನಮ್ಮಲ್ಲಿ ಅಪರೂಪ.

ಪಿ. ವಾಸು ಅವರ 'ದೃಶ್ಯ 2' (2021) ನೋಡುವಾಗ ಗಮನ ಬೇರೆ ಕಡೆ ಇರಲಿ. ಮೊದಲ ಭಾಗದಲ್ಲಿ ಒಂದು ಕುಟುಂಬ ಮುಚ್ಚಿಟ್ಟ ಕೊಲೆಯ ಹೆಣ ಎಲ್ಲಿ ಹೂತಿದೆ ಅಂತ ನಮಗೆ ಗೊತ್ತು, ಪೊಲೀಸರಿಗೆ ಗೊತ್ತಿಲ್ಲ. ಅವರು ಒಂದೊಂದು ಹೆಜ್ಜೆ ಹತ್ತಿರ ಬಂದಂತೆ ನಮ್ಮ ಎದೆ ಹೊಡೆದುಕೊಳ್ಳುವುದು ತಪ್ಪು ಮಾಡಿದ ಮನೆಯವರ ಪರವಾಗಿ. ಪರದೆಯ ಮೇಲೆ ಯಾರಿಗೆ ಎಷ್ಟು ಗೊತ್ತು ಅನ್ನೋದನ್ನು ಸೀನು ಸೀನಿಗೂ ಲೆಕ್ಕ ಇಡಿ. ಕುತೂಹಲ ಹುಟ್ಟುವುದು ಅಲ್ಲೇ.

ತೆಲಂಗಾಣದ ಗಡಿಯಲ್ಲಿರುವ ನಮಗೆ ತೆಲುಗು ಸಿನಿಮಾ ದೂರದ್ದಲ್ಲ. ಶೈಲೇಶ್ ಕೊಲನು ಅವರ 'ಹಿಟ್' ಸರಣಿಯಲ್ಲಿ ಪ್ರತಿ ಸಲ ತನಿಖಾಧಿಕಾರಿಯೇ ಬದಲು: ವಿಶ್ವಕ್ ಸೇನ್, ಅಡಿವಿ ಶೇಷ್, ನಾನಿ. ಕೇಸು ಬಿಗಿಯಾಗುತ್ತದೆ, ಹಿಂದಿನ ಭಾಗದ ಗಾಯದ ಭಾರ ಮಾತ್ರ ಮುಂದಿನದಕ್ಕೆ ಬರುವುದಿಲ್ಲ. ನನಗೆ ಶಿವಾಜಿಯೇ ಹತ್ತಿರ.

ಮೊದಲ ಭಾಗ ನೋಡದೆ ಹೋಗಬಹುದೇ? 'ಹಿಟ್'ಗೆ ಧಾರಾಳವಾಗಿ ಹೋಗಿ. 'ದಂಡುಪಾಳ್ಯ'ಕ್ಕೆ ಮಾತ್ರ ಬೇಡ. ಮೊದಲು ನಂಬಿದವರಿಗಷ್ಟೇ ಆಮೇಲೆ ಆ ಅನುಮಾನ ಕಾಡುತ್ತದೆ.